ದುಭಾಷಿಯ ಪತ್ರ

ಪ್ರಿಯ ಗೆಳೆಯಾ,

ಖಾಸಗಿ ಪತ್ರಕ್ಕೆ ನೀನು ಉತ್ತರ ಬರೆದ ಚರಿತ್ರೆಯೇ ಇಲ್ಲವಾದ್ದರಿಂದ, ಈ ಸಲ ನಾಲ್ಕು ಜನರೆದುರೇ ಬರೆಯುತ್ತಿದ್ದೇನೆ. ಹೆದರಬೇಡ, ಕಡಲೆಕಾಯಿ ಪ್ರಕರಣದ ಬಗ್ಗೆ ಇಲ್ಲಿ ಬಾಯಿ ಬಿಡುವುದಿಲ್ಲ.

ನನ್ನ ಫ್ರೆಂಚ್ ಎಲ್ಲಿಗೆ ಬಂತೆಂದು ಕೇಳಿದ್ದೆಯಲ್ಲ. ಬೇಕರಿಗೆ ಕಾಲಿಟ್ಟೊಡನೆ ‘ಬೊಂಜೂರ್’ ಹೇಳದೆ ಬೆಲೆ ಕೇಳುವ ಒರಟುತನ ಈಗ ಬಿಟ್ಟುಹೋಗಿದೆ. ಆದರೆ ನನ್ನ ತಲೆಯಲ್ಲಿ ಸುತ್ತುತ್ತಿರುವುದು ನಾನಿರುವ ಈ ದಕ್ಷಿಣ ಫ್ರಾನ್ಸಿನ ಊರು ತುಲೂಸಿನ ಇನ್ನೊಂದು ಭಾಷೆ. ಇಲ್ಲಿಯ ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ಮೊದಲು ಫ್ರೆಂಚಿನಲ್ಲಿ, ಆಮೇಲೆ ಈ ಸೀಮೆಯ ಹಳೆಯ ಭಾಷೆಯಾದ ಆಕ್ಸಿಟನ್‌ನಲ್ಲಿ ಹೇಳುತ್ತಾರೆ. ಹಳೆಯ ಪೇಟೆಯ ಬೀದಿಫಲಕಗಳಲ್ಲಿಯೂ ಎರಡು ಹೆಸರುಗಳಿವೆ. ಪ್ರಯಾಣಿಕರಲ್ಲಿ ಯಾರಾದರೂ ಅದನ್ನು ಆಡಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ.

ಮೇಲಿನ ಮಹಡಿಯ ಅಜ್ಜಿಯನ್ನು ಕೇಳಿದೆ. ಅರ್ಥವಾಗುತ್ತದೆ, ಆಡಲು ಬರುವುದಿಲ್ಲ ಎಂದರು. ಅವರ ತಂದೆ ಓದಿದ ಹಳ್ಳಿಯ ಶಾಲೆಯಲ್ಲಿ ಊರಭಾಷೆ ಆಡಿ ಸಿಕ್ಕಿಬಿದ್ದ ಹುಡುಗನಿಗೆ ಒಂದು ಮರದ ತುಂಡನ್ನು ಕೊಡುತ್ತಿದ್ದರಂತೆ. ಅವನು ಇನ್ನೊಬ್ಬನನ್ನು ಹಿಡಿದುಕೊಟ್ಟು ಅದನ್ನು ದಾಟಿಸಬೇಕು, ಸಂಜೆ ಅದು ಯಾರ ಬಳಿ ಉಳಿಯಿತೋ ಅವನಿಗೆ ಶಿಕ್ಷೆ. ನನಗೆ ಜೋರು ನಗು ಬಂತು. ಒಂದೊಂದು ಕನ್ನಡ ಮಾತಿಗೂ ದಂಡ ಬರೆದುಕೊಳ್ಳುತ್ತಿದ್ದ ನಮ್ಮ ಕ್ಲಾಸಿನ ಮಾನಿಟರ್ ಯಾರೆಂದು ನಿನಗೆ ನಾನು ನೆನಪಿಸಬೇಕೆ?

1794ರಲ್ಲಿಯೇ ಗ್ರೆಗ್ವಾರ್ ಎಂಬ ಪಾದ್ರಿ, ಇಂಥ ಊರುನುಡಿಗಳನ್ನು ಅಳಿಸಿ ಎಲ್ಲರೂ ಫ್ರೆಂಚ್ ಆಡುವಂತೆ ಮಾಡಬೇಕೆಂದು ಕ್ರಾಂತಿಯ ಸಂಸತ್ತಿಗೆ ವರದಿ ಕೊಟ್ಟಿದ್ದ. ಹಳ್ಳಿಹಳ್ಳಿಗೂ ಅದನ್ನು ಮುಟ್ಟಿಸಿದ್ದು 1880ರ ದಶಕದ ಉಚಿತ, ಕಡ್ಡಾಯ ಶಿಕ್ಷಣ. 1904ರಲ್ಲಿ ಇದೇ ಆಕ್ಸಿಟನ್‌ನ ಪ್ರೊವೆನ್ಸ್ ಸೀಮೆಯ ರೂಪದಲ್ಲಿ ಬರೆದ ಕವಿ ಮಿಸ್ತ್ರಾಲ್‌ಗೆ ಸಾಹಿತ್ಯದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮನೆಮಾತಾಗಿ ಉಳಿಯಲು ಅದು ಸಾಲಲಿಲ್ಲ. ಎಂಟು ಜ್ಞಾನಪೀಠಗಳನ್ನು ಮಾತುಮಾತಿಗೂ ಎಣಿಸುವ ನಾವಿಬ್ಬರೂ ಇದನ್ನು ಕೊಂಚ ಯೋಚಿಸಬೇಕು.

ನಿಜವಾಗಿ ಕಾಡುತ್ತಿರುವುದು ಇದೂ ಅಲ್ಲ. ನನ್ನ ಮಗಳ ಫ್ರೆಂಚಿನಲ್ಲಿ ಹೊರಗಿನವರ ಛಾಯೆಯೇ ಇಲ್ಲವೆಂದು ಅವಳ ಟೀಚರ್ ಹೇಳಿದಾಗ ನಾನು ಉಬ್ಬಿಹೋದೆ. ಆ ವಾರವೇ ವಿಡಿಯೊ ಕರೆಯಲ್ಲಿ ಅಮ್ಮ, “ಏನ್ ಮಾಡ್ತಿದೀಯ ಪುಟ್ಟಿ, ಊಟ ಆಯ್ತಾ? ಊರಿಗೆ ಯಾವಾಗ ಬರ್ತೀಯ?” ಎಂದು ಕೇಳಿದರೆ, ಮಗಳು ಉತ್ತರಿಸದೆ ನನ್ನ ಮುಖ ನೋಡಿದಳು. ನಾನು ಫ್ರೆಂಚಿನಲ್ಲಿ ಹೇಳಿಕೊಟ್ಟೆ. ಊಟದ ಪ್ರಶ್ನೆಯನ್ನು ಮಾತ್ರ. ಊರಿನ ಪ್ರಶ್ನೆಯನ್ನು ದಾಟಿಸಲೇ ಇಲ್ಲ, ಏಕೆಂದರೆ ಅದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ. ಅಜ್ಜಿ–ಮೊಮ್ಮಗಳ ನಡುವೆ ಏನು ಹೋಗಬೇಕು, ಏನು ಹೋಗಬಾರದು ಎಂಬುದು ನನ್ನ ಕೈಯಲ್ಲಿದೆ ಎಂದು ಆ ಕ್ಷಣ ಹೊಳೆದಾಗ, ಗೆಳೆಯಾ, ನನಗೆ ದುಃಖವಾಗಲಿಲ್ಲ, ಅನುಕೂಲವೆನಿಸಿತು. ಇಲ್ಲಿ ಯಾರೂ ಅವಳ ಕೈಗೆ ಮರದ ತುಂಡು ಕೊಟ್ಟಿರಲಿಲ್ಲ.

ಇಷ್ಟು ಬರೆಯುವ ಉದ್ದೇಶವಿರಲಿಲ್ಲ. ತಪ್ಪು ನಿನ್ನದು, ಫ್ರೆಂಚ್ ಎಲ್ಲಿಗೆ ಬಂತೆಂದು ಕೇಳಿದವನು ನೀನು. ಎಂದಿನಂತೆ ಅಮ್ಮನಿಗೆ ಇದನ್ನು ಓದಿ ಹೇಳಲು ಹೋಗುತ್ತೀಯಲ್ಲ, ಟೀಚರ್ ಹೊಗಳಿದ ತನಕ ಚೆನ್ನಾಗಿ ಓದಿ, ಆಮೇಲೆ ಒಮ್ಮೆ ಕೆಮ್ಮಿ ನೇರವಾಗಿ ಸಹಿಗೆ ಬಂದುಬಿಡು. ದಂಡದ ಲೆಕ್ಕದಲ್ಲಿ ಅಷ್ಟೊಂದು ಕೈಚಳಕ ತೋರಿಸಿದವನಿಗೆ ಇದೇನು ದೊಡ್ಡದಲ್ಲ.

ನಿನ್ನ,
ಕೊನೆಯ ಬೆಂಚಿನವನು