ವಿಷಯ: ಹೊಲಿಗೆ ಮೆಷಿನ್ ಬದಲು ಬೇರೆ ವಸ್ತು ಕಳಿಸಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಕ್ಯಾಟಲಾಗ್ ನೋಡಿ ಒಂದು ಹೊಲಿಗೆ ಮೆಷಿನ್ ತರಿಸಿದ್ದೆ. ಪೂರ್ತಿ ಹಣವನ್ನು ಮೊದಲೇ ಕಾರ್ಡಿನಲ್ಲಿ ಕಟ್ಟಿದ್ದೇನೆ. ಬಂದದ್ದು ಬ್ಯಾಟರಿ ಹಾಕಿ, ಕೈಯಲ್ಲಿ ಹಿಡಿದು ಹೊಲಿಯುವ ಒಂದು ಪ್ಲಾಸ್ಟಿಕ್ ಸಾಧನ. ಅದಕ್ಕೆ ಕೆಳಗಿನ ದಾರ ಸುತ್ತುವ ಬಾಬಿನ್ನೇ ಇಲ್ಲ, ಒಂದೇ ದಾರದಲ್ಲಿ ಹೊಲಿಯುತ್ತದೆ. ದಾರದ ತುದಿ ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ದಿಂಬಿನ ಕವರ್ ಕೂಡ ಹೊಲಿಯಲು ಆಗುವುದಿಲ್ಲ.

ಫೋನ್ ಮಾಡಿದಾಗ ನಿಮ್ಮವರು, "ಚಿತ್ರ ಮಾದರಿಗೆ ಮಾತ್ರ ಮೇಡಂ" ಎಂದರು. ಬಣ್ಣ ಬೇರೆಯಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಚಿತ್ರ ಹೋಗಲಿ, ಅದರ ಕೆಳಗೆ ನೀವೇ ಏನು ಅಚ್ಚು ಹಾಕಿಸಿದ್ದೀರಿ ನೋಡಿ: ಲೋಹದ ಬಾಡಿ, ಎರಡು ದಾರದ ಹೊಲಿಗೆ, ತೂಕ 6 ಕಿಲೋ. ಪಾರ್ಸೆಲ್ ಬುಕ್ ಮಾಡಿದಾಗ ಅಂಟಿಸಿದ ಚೀಟಿಯಲ್ಲಿ ತೂಕ 700 ಗ್ರಾಂ ಎಂದಿದೆ. ದಾರಿಯಲ್ಲಿ ಯಾರಾದರೂ ಬದಲಾಯಿಸಿರಬಹುದು ಎಂದೂ ನಿಮ್ಮವರು ಹೇಳಿದ್ದರು. ಬುಕ್ ಮಾಡುವಾಗಲೇ 700 ಗ್ರಾಂ ಇತ್ತು ಅಂದಮೇಲೆ ಮೆಷಿನ್ ನಿಮ್ಮಲ್ಲಿಂದ ಹೊರಟೇ ಇಲ್ಲ, ಅಲ್ವಾ?

ಆಮೇಲೆ ನಡೆದದ್ದು ಇನ್ನೂ ಗಂಭೀರ. ನಿಮ್ಮ ಕಂಪನಿಯವರೆಂದು ಒಬ್ಬರು ಕರೆ ಮಾಡಿ, ಹಣ ವಾಪಸ್ ಹಾಕಲು ಮೊಬೈಲ್‌ಗೆ ಬಂದ ಒಟಿಪಿ ಹೇಳಿ ಎಂದರು. ನಾನು ಹೇಳಲಿಲ್ಲ. ನನ್ನ ಖಾತೆಗೆ ಹಣ ಹಾಕಲು ನನ್ನ ಒಟಿಪಿ ಯಾಕೆ ಬೇಕು? ಆತ ನಿಮ್ಮ ಸಿಬ್ಬಂದಿಯಾಗಿದ್ದರೆ ವಿಚಾರಿಸಿ. ಅಲ್ಲ ಎನ್ನುವುದಾದರೆ ನನ್ನ ಆರ್ಡರ್ ನಂಬರ್ ಆತನಿಗೆ ಹೇಗೆ ಸಿಕ್ಕಿತು ಎಂದು ತಿಳಿಸಿ.

ವಸ್ತು ವಾಪಸ್ ಕಳಿಸಲು ಸಿದ್ಧಳಿದ್ದೇನೆ. ಆದರೆ ಬಿಲ್ಲಿನಲ್ಲಿರುವುದು ಬರೀ ಪೋಸ್ಟ್ ಬಾಕ್ಸ್ ನಂಬರ್. ಸುಮ್ನೆ ಅಲ್ಲಿಗೆ ಕಳಿಸಿದರೆ ನಾಳೆ "ನಮಗೆ ತಲುಪಿಲ್ಲ" ಎನ್ನುತ್ತೀರಿ. ಸಹಿ ಹಾಕಿ ಪಡೆಯುವವರಿರುವ ಪೂರ್ತಿ ವಿಳಾಸ ಕೊಡಿ. ತಪ್ಪು ನಿಮ್ಮದಾದ್ದರಿಂದ ಕಳಿಸುವ ಖರ್ಚೂ ನಿಮ್ಮದೇ.

ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ 15 ದಿನದೊಳಗೆ ಅದೇ ಕಾರ್ಡಿಗೆ ಬರಬೇಕು. ಬದಲಿ ವಸ್ತು, ಕೂಪನ್ ಯಾವುದೂ ಬೇಡ. ಬರದಿದ್ದರೆ, ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್ ಕೊಡಿಸಿ ಎಂದು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್‌ಗೆ ಅರ್ಜಿ ಹಾಕುತ್ತೇನೆ. ಅದಕ್ಕೂ ಗಡುವಿರುವುದರಿಂದ ಜಾಸ್ತಿ ಕಾಯಲಾರೆ.

ಕ್ಯಾಟಲಾಗ್ ಪುಟ, ಬಿಲ್, ಪಾರ್ಸೆಲ್ ಚೀಟಿಯ ಫೋಟೊ ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿಯೇ ಇರುತ್ತವೆ. ಉತ್ತರವನ್ನು ಫೋನಿನಲ್ಲಿ ಬೇಡ, ಬರಹದಲ್ಲೇ ಕೊಡಿ.

ಇಂತಿ,
ನಿಮ್ಮ ಗ್ರಾಹಕಿ