ಆ ಗಾಜಿನ ಜಾಲರಿ ಉಳಿಸಿಕೊಟ್ಟವರಿಗೆ

ಮೊನ್ನೆ ವೈವಾ ಮುಗಿಯಿತು, ಥೀಸಿಸ್ ಒಪ್ಪಿಗೆಯಾಯಿತು. ಆರು ವರ್ಷ ಡಯಾಟಮ್‌ಗಳ ಸಿಲಿಕಾ (ಗಾಜಿನ ಮೂಲವಸ್ತು) ಚಿಪ್ಪಿನ ಬೆನ್ನು ಬಿದ್ದಿದ್ದೆ. ಅದರಲ್ಲಿ ಒಂದೂವರೆ ವರ್ಷ ಏನೂ ಕೈಗೆ ಹತ್ತಲಿಲ್ಲ. ಆಗ ಜೊತೆಗಿದ್ದವರನ್ನು ಎಲ್ಲರೆದುರು ನೆನೆಯಬೇಕು.

ಡಯಾಟಮ್ ಒಂದೇ ಕೋಶದ ಪಾಚಿ. ಡಬ್ಬಿ, ಮುಚ್ಚಳದಂತೆ ಒಂದರೊಳಗೊಂದು ಕೂರುವ ಎರಡು ಹೋಳಿನ ಚಿಪ್ಪು ಅದಕ್ಕೆ. ನಮಗೆ ಗಾಜು ಮಾಡಲು ಸಾವಿರ ಡಿಗ್ರಿ ದಾಟಿದ ಕುಲುಮೆ ಬೇಕು. ಇದು ತಣ್ಣನೆಯ ನೀರಿನಲ್ಲಿ ಕರಗಿದ ಸಿಲಿಸಿಕ್ ಆಮ್ಲ ಹೀರಿಕೊಂಡು ಕೋಶದೊಳಗೇ ಚಿಪ್ಪು ಕಟ್ಟಿಕೊಳ್ಳುತ್ತದೆ. ಎಕ್ಸ್-ರೇ ಹಾಯಿಸಿ ನೋಡಿದರೆ ನಕ್ಷೆಯಲ್ಲಿ ಹರಳಿನ ಚೂಪು ಶಿಖರಗಳಿಲ್ಲ, 22 ಡಿಗ್ರಿ ಕೋನದ ಆಸುಪಾಸು ಒಂದು ಅಗಲ ದಿಬ್ಬ ಅಷ್ಟೆ. ಪರಮಾಣುಗಳಿಗೆ ಸಾಲಿಲ್ಲ, ಚಿಪ್ಪಿನ ತುಂಬ ಇರುವ ಸಣ್ಣ ತೂತುಗಳಿಗೆ ಮಾತ್ರ ಅಚ್ಚುಕಟ್ಟಾದ ಸಾಲು, ಅದೂ ತಲೆಮಾರಿನಿಂದ ತಲೆಮಾರಿಗೆ. 1999ರಲ್ಲಿ ಈ ಚಿಪ್ಪಿನಲ್ಲಿ ಸಿಲಾಫಿನ್ ಎಂಬ ಪ್ರೋಟೀನುಗಳು ಸಿಕ್ಕಿದವು. ಸಿಲಿಸಿಕ್ ಆಮ್ಲಕ್ಕೆ ಬೆರೆಸಿದರೆ ಕ್ಷಣಗಳಲ್ಲಿ ಸಿಲಿಕಾ ಗೋಲಗಳು ಮೂಡುತ್ತವೆ. ಆದರೆ ಗೋಲ ಜಾಲರಿಯಾಗುವುದು ಹೇಗೆ? ನನ್ನನ್ನು ಹಿಡಿದು ಕೂರಿಸಿದ್ದು ಆ ಪ್ರಶ್ನೆ.

ನನ್ನ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜಾಲರಿಯೇ ಇರುತ್ತಿರಲಿಲ್ಲ. ತೂತುಗಳಿಗೆ ಹೊದಿಸಿದ ತೆಳುಪೊರೆ ಪ್ರತಿ ಸಲವೂ ಹರಿದಿರುತ್ತಿತ್ತು. ಲ್ಯಾಬಿನಲ್ಲಿ ಪಾತ್ರೆ ತೊಳೆದು ಜೋಡಿಸುವ ಅಕ್ಕ ಒಂದು ಸಂಜೆ, "ಅಷ್ಟು ಜೋರಾಗಿ ತಿರುಗಿಸಿದ್ರೆ ಒಡೆಯಲ್ವಾ? ತಾನಾಗೇ ತಳ ಸೇರ್ಲಿ ಬಿಡಿ" ಅಂದರು. ಅಂದಿನಿಂದ ಚಿಪ್ಪುಗಳನ್ನು ಗಿರ್ರನೆ ತಿರುಗಿಸಿ ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ಯಂತ್ರ ಬಿಟ್ಟೆ. ಬೀಕರಿನ ತಳದಲ್ಲಿ ಬಿಳಿ ಪುಡಿ ಕೂರುವವರೆಗೆ ಕಾದು, ಮೇಲಿನ ನೀರಷ್ಟೇ ತೆಗೆದು, ಮತ್ತೆ ನೀರು ಹಾಕಿ ಮತ್ತೆ ಕಾದೆ. ಹೀಗೆ ಏಳು ದಿನ. ಒಣಗುವ ನೀರಿನ ಸೆಳೆತವೂ ಪೊರೆ ಹರಿಯುತ್ತದೆಂದು ಗೈಡ್ ಮೇಡಂ ಒಣಗಿಸುವ ಕ್ರಮವನ್ನೇ ಬದಲಿಸಿಕೊಟ್ಟರು. ಅಷ್ಟು ವೈಫಲ್ಯದ ನಡುವೆಯೂ ಅವರು ಒಮ್ಮೆಯೂ ದನಿ ಎತ್ತರಿಸಲಿಲ್ಲ.

ಸಿಲಿಕಾನ್‌ನಲ್ಲಿ ಎನ್‌ಎಂಆರ್‌ಗೆ (ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಜೋಡಣೆ ತಿಳಿಯುವ ವಿಧಾನ) ಕಾಣುವ ಸಿಲಿಕಾನ್-29 ಎಂಬ ಬಗೆಯ ಪರಮಾಣು ಇರುವುದು ಶೇ 4.7ರಷ್ಟೇ. ಹಾಗಾಗಿ ಒಂದು ಸ್ಯಾಂಪಲ್‌ಗೆ ಇಡೀ ರಾತ್ರಿ ಯಂತ್ರ ಬೇಕಾಗುತ್ತಿತ್ತು. ತಮ್ಮ ವಾರಾಂತ್ಯಗಳನ್ನು ನನಗಾಗಿ ಕೊಟ್ಟ ಆಪರೇಟರ್ ಸರ್, ನಿಮ್ಮ ಋಣ ದೊಡ್ಡದು. ನಾನು ಜ್ವರದಲ್ಲಿ ಮಲಗಿದ್ದಾಗ ಬಾಟಲಿಗಳಲ್ಲಿ ಬೆಳೆಸುತ್ತಿದ್ದ ಡಯಾಟಮ್ ಕಲ್ಚರ್ ಸಾಯದಂತೆ ನೋಡಿಕೊಂಡ ಜೂನಿಯರ್‌ಗಳಿಗೂ. (ಗಾಜಿನಿಂದ ಸಿಲಿಕಾ ಕರಗಿ ಲೆಕ್ಕ ತಪ್ಪುತ್ತದೆಂದು ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಬೇಕೆಂಬುದನ್ನೂ ಅವರು ಮರೆತಿರಲಿಲ್ಲ.) ಮನೆಯವರಿಗೆ ಇಲ್ಲಿ ಬರೆದರೆ ಸಾಲದು, ಎದುರೇ ಹೇಳುತ್ತೇನೆ.

ಹರಿಯದ ಪೊರೆ ಮೊದಲ ಸಲ ತೆರೆಯ ಮೇಲೆ ಬಂದ ದಿನ ಅಕ್ಕನನ್ನು ಕರೆದು ತೋರಿಸಿದೆ. ಅವರು ಕೈ ಒರೆಸಿಕೊಂಡು ಹತ್ತಿರ ಬಂದು, ಬೆರಳು ತಾಗಿಸದೆ, ಒಂದು ಸಾಲಿನ ತೂತುಗಳನ್ನು ಮೆಲ್ಲಗೆ ಎಣಿಸಿದರು.