ಶನಿವಾರ ಓಕ್ಲೀಯಲ್ಲಿ ಗ್ರೀಕ್ ಊಟ: ಗುರುವಾರದೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 6ಕ್ಕೆ ಮೆಲ್ಬರ್ನ್‌ನ ಓಕ್ಲೀಯಲ್ಲಿ, ಈಟನ್ ಮಾಲ್ ಬಳಿ ಸೇರೋಣ. ರೈಲು ನಿಲ್ದಾಣದಿಂದ ನಡೆದೇ ಬರಬಹುದು. ತಟ್ಟೆಗಳನ್ನು ನಡುವೆ ಇಟ್ಟು ಹಂಚಿಕೊಳ್ಳುವ ಮೆಝೆ ಊಟ. ನಾಲ್ವರಿಗೆ ಐದಾರು ತಟ್ಟೆ ಸಾಕು. ಎಲ್ಲವನ್ನೂ ಒಮ್ಮೆಗೇ ಹೇಳಬೇಡಿ. ಸಗನಾಕಿ ಎಂಬ ಹುರಿದ ಚೀಸ್ ಆರಿದರೆ ರಬ್ಬರಿನಂತಾಗುತ್ತದೆ.

ಸಸ್ಯಾಹಾರಿಗಳು ದಯವಿಟ್ಟು ಗಮನಿಸಿ:
- "ನಿಸ್ತೀಸಿಮೊ" ಅಂದರೆ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಸಿಗಡಿ, ಸ್ಕ್ವಿಡ್ ಇರಬಹುದು.
- ತರಮಸಲಾತ ನೋಡಲು ಚಟ್ನಿಯಂತಿದ್ದರೂ ಮೀನಿನ ಮೊಟ್ಟೆಯದು.
- ದ್ರಾಕ್ಷಿ ಎಲೆಯ ಡೊಲ್ಮಾದೆಸ್‌ನಲ್ಲಿ ಕೈಮಾ ಇದೆಯೇ ಎಂದು ಕೇಳಿ.
- ಸಾಂಪ್ರದಾಯಿಕ ಫೆಟಾ ಚೀಸ್‌ಗೆ ಪ್ರಾಣಿಮೂಲದ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಹಾಕುತ್ತಾರೆ. ಕಟ್ಟುನಿಟ್ಟಿನವರು ಸ್ಪನಕೋಪಿತ (ಪಾಲಕ್, ಫೆಟಾ ತುಂಬಿದ ಪೈ) ಬಿಟ್ಟು ಗಿಗಾಂತೆಸ್ (ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬೀನ್ಸ್) ಹೇಳಿ. ಫಾವಾ (ಬೇಳೆ ಬೇಯಿಸಿ ಅರೆದದ್ದು) ಸಿಕ್ಕರೆ ಬಿಡಬೇಡಿ, ನಮ್ಮ ಗಟ್ಟಿ ತೊವ್ವೆಯ ಅಕ್ಕನ ಹಾಗಿರುತ್ತದೆ!

ವೈನ್: ಮೀನು, ನಿಂಬೆ ಹಿಂಡಿದ ತಿನಿಸಿಗೆ ಸ್ಯಾಂಟೊರಿನಿಯ ಅಸಿರ್ತಿಕೊ, ಕುರಿಮಾಂಸಕ್ಕೆ ನೌಸಾದ ಕ್ಸಿನೊಮಾವ್ರೊ. ರೆಟ್ಸಿನಾದಲ್ಲಿ ಪೈನ್ ರಾಳದ ವಾಸನೆಯಿದೆ, ಚೆನ್ನಾಗಿ ತಣ್ಣಗಿದ್ದರೇ ರುಚಿ. ಊಜೊ ಎಂಬ ಸೋಂಪಿನ ಮದ್ಯಕ್ಕೆ ಮೊದಲು ನೀರು, ಆಮೇಲೆ ಐಸ್. ನೀರು ಬಿದ್ದಾಗ ಸೋಂಪಿನ ಎಣ್ಣೆಯಂಶ ಬೇರ್ಪಟ್ಟು ಹಾಲಿನಂತಾಗುವುದು ಸಹಜ. ಐಸ್ ಮೊದಲು ಹಾಕಿದರೆ ಅದೇ ಹರಳುಗಟ್ಟುತ್ತದೆ.

ಕಾರು ತರುವವರಿಗೆ ರಕ್ತದಲ್ಲಿನ ಮದ್ಯದ ಮಿತಿ 0.05, ಪಿ ಪ್ಲೇಟಿನವರಿಗೆ (ಹೊಸ ಚಾಲಕರಿಗೆ) ಸೊನ್ನೆ. ರೈಲಲ್ಲೇ ಬನ್ನಿ.

ಎಷ್ಟು ಜನ, ಎಷ್ಟು ಸಸ್ಯಾಹಾರಿಗಳು, ಎಳ್ಳು ಅಥವಾ ಬೀಜಗಳ ಅಲರ್ಜಿ ಇದೆಯೇ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಶುಕ್ರವಾರ ಬೆಳಿಗ್ಗೆ ಮೇಜು ಕಾಯ್ದಿರಿಸುತ್ತೇವೆ.